ಮನೆಗೊಂದು ಮತ, ಪದವಿಗೊಂದು ಮತ

ಪ್ರಶ್ನೆ: ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಹೆಸರು ಸೇರಿಸಿಕೊಳ್ಳಿ ಎಂದು ಪಕ್ಷದವರೊಬ್ಬರು ಅರ್ಜಿ ತಂದುಕೊಟ್ಟಿದ್ದಾರೆ. ನಾನು ಬಿ.ಕಾಂ. ಓದಿದವನು, ನಮ್ಮ ತಂದೆ ಏಳನೇ ತರಗತಿಗೆ ಶಾಲೆ ಬಿಟ್ಟವರು. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವರು ಅವರೇ ಹೊರತು ನಾನಲ್ಲ. ಅವರಿಗಿಲ್ಲದ ಇನ್ನೊಂದು ಮತ ನನಗೇಕೆ? ಇದು ಇಂಗ್ಲೆಂಡಿನಿಂದ ಬಂದ ಪದ್ಧತಿ, ಅಲ್ಲಿ ನ್ಯೂಟನ್ ಕೂಡ ಇಂಥ ಕ್ಷೇತ್ರದಿಂದ ಗೆದ್ದಿದ್ದ ಎಂದು ಸ್ನೇಹಿತರು ಹೇಳಿದರು. ನಿಜವೇ? ಅಲ್ಲಿ ಈಗಲೂ ಇದೆಯೇ? (ಶಿರಸಿಯ ಓದುಗರೊಬ್ಬರು)

ಉತ್ತರ: ನ್ಯೂಟನ್ ಗೆದ್ದದ್ದು ನಿಜ, ಸೋತದ್ದೂ ನಿಜ. ಇಂಗ್ಲೆಂಡಿನಲ್ಲಿ ಈಗ ಇಂಥ ಕ್ಷೇತ್ರಗಳಿಲ್ಲ. 1948ರ ಕಾನೂನು ಅವನ್ನು ರದ್ದು ಮಾಡಿತು, 1950ರ ಮಹಾಚುನಾವಣೆಯ ಹೊತ್ತಿಗೆ ಅವು ಹೋಗಿದ್ದವು. ಅದೇ 1950ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂದು ಇಲ್ಲಿ ಪದವೀಧರ ಕ್ಷೇತ್ರಗಳಿಗೆ ಜಾಗ ಮಾಡಿಕೊಟ್ಟಿತು. ಅವರು ಹೊರಗೆ ಹಾಕಿದ್ದನ್ನು ನಾವು ಅದೇ ವರ್ಷ ಒಳಗೆ ಕರೆದುಕೊಂಡೆವು.

ನಿಮ್ಮ ತಂದೆಯ ಮಾತು ಬಂದದ್ದರಿಂದ ಪ್ರಶ್ನೆಗೆ ತೂಕ ಬಂದಿದೆ. ಅದಕ್ಕೆ ಉತ್ತರಿಸಬೇಕಾದರೆ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಬದಿಗಿಡಬೇಕು. ಮೂಲದಲ್ಲಿ ಈ ಸ್ಥಾನಗಳನ್ನು ಓದಿದವರು ಜಾಣರೆಂದು ಕೊಟ್ಟದ್ದಲ್ಲ. ಕೊಟ್ಟದ್ದು ಓದಿದವರಿಗೇ ಅಲ್ಲ.

ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ಪಟ್ಟವನ್ನೂ ಏರಿ ಅಲ್ಲಿ ಒಂದನೇ ಜೇಮ್ಸ್ ಎನಿಸಿಕೊಂಡ. ಅವನ ಮೊದಲ ಪಾರ್ಲಿಮೆಂಟು ಸೇರಿದ್ದು 1604ರಲ್ಲಿ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು ತಲಾ ಇಬ್ಬರು ಪ್ರತಿನಿಧಿಗಳನ್ನು ಕಳಿಸಬಹುದೆಂದು ಅಪ್ಪಣೆಯಾದದ್ದು ಆಗ. ಇದರ ಹಿಂದೆ ಓಡಾಡಿದವನು ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್, ಕೇಂಬ್ರಿಜ್‌ನಲ್ಲಿ ಓದಿದವನು. ಪಾರ್ಲಿಮೆಂಟಿನ ಕೆಳಮನೆಯಾದ ಅಂದಿನ ಕಾಮನ್ಸ್ ಸಭೆಯಲ್ಲಿ ಜನಸಂಖ್ಯೆಗೆ ಇಷ್ಟು ಸ್ಥಾನವೆಂಬ ಲೆಕ್ಕವೇ ಇರಲಿಲ್ಲ. ಕೌಂಟಿಗೆ ಸ್ಥಾನವಿತ್ತು, ಸನ್ನದು ಪಡೆದ ಪಟ್ಟಣಕ್ಕೆ ಸ್ಥಾನವಿತ್ತು. ವಿಶ್ವವಿದ್ಯಾಲಯಗಳಿಗೂ ಪಟ್ಟಣಗಳ ಹಾಗೆಯೇ ಸನ್ನದು, ಜಮೀನು, ಗೇಣಿ, ಸ್ವಂತ ನ್ಯಾಯಸ್ಥಾನ ಎಲ್ಲವೂ ಇದ್ದವು. ತಮ್ಮ ಆಸ್ತಿಗೂ ನಿಯಮಾವಳಿಗೂ ಕೈ ಹಾಕುವ ಮಸೂದೆ ಬಂದಾಗ ಎದ್ದುನಿಂತು ಮಾತನಾಡಲು ಅವಕ್ಕೊಬ್ಬ ಮನುಷ್ಯ ಬೇಕಿತ್ತು. ಉಂಬಳಿ ಭೂಮಿಯುಳ್ಳ ಮಠವೊಂದು ಅರಮನೆಯ ಬಾಗಿಲಲ್ಲಿ ತನ್ನ ವಕೀಲನನ್ನು ಇಟ್ಟಂತೆ ಇದು. ಆಕ್ಸ್‌ಫರ್ಡ್ ಪಟ್ಟಣದಿಂದ ಬೇರೆ ಇಬ್ಬರು ಆಗಲೇ ಬರುತ್ತಿದ್ದರು. ಪಟ್ಟಣದವರಿಗೂ ವಿಶ್ವವಿದ್ಯಾಲಯದವರಿಗೂ ಶತಮಾನಗಳಿಂದ ಹಾವು ಮುಂಗುಸಿಯ ಸಂಬಂಧವಾದ್ದರಿಂದ, ಆ ಇಬ್ಬರನ್ನು ನಂಬಿ ಕೂರುವಂತಿರಲಿಲ್ಲ.

1613ರಲ್ಲಿ ಐರ್ಲೆಂಡಿನ ಪಾರ್ಲಿಮೆಂಟಿನಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೂ ಎರಡು ಸ್ಥಾನ ದೊರೆತವು. ಅಮೆರಿಕದ ವರ್ಜೀನಿಯಾ ವಸಾಹತಿನ ಶಾಸನಸಭೆಯಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿಗೂ ಒಂದು ಸ್ಥಾನವಿತ್ತು.

ಈಗ ನ್ಯೂಟನ್. ಅವನು ಪಾರ್ಲಿಮೆಂಟಿಗೆ ಹೋದದ್ದು ವಿಜ್ಞಾನಿಯೆಂಬ ಹೆಗ್ಗಳಿಕೆಯಿಂದಲ್ಲ. 1687ರಲ್ಲಿ ಎರಡನೇ ಜೇಮ್ಸ್ ದೊರೆ, ಕ್ಯಾಥೊಲಿಕ್ ಸನ್ಯಾಸಿಯೊಬ್ಬನಿಗೆ ಪ್ರಮಾಣವಚನವಿಲ್ಲದೆ ಎಂ.ಎ. ಪದವಿ ಕೊಡಿ ಎಂದು ಕೇಂಬ್ರಿಜ್‌ಗೆ ಅಪ್ಪಣೆ ಮಾಡಿದ. ವಿಶ್ವವಿದ್ಯಾಲಯ ಒಲ್ಲೆನೆಂದಿತು. ಅದರ ಪರವಾಗಿ ವಿಚಾರಣೆಗೆ ಹೋಗಿ ನಿಂತವರಲ್ಲಿ, ಅಷ್ಟರವರೆಗೆ ಕೋಣೆ ಬಿಟ್ಟು ಹೊರಬರದ ನ್ಯೂಟನ್ ಕೂಡ ಒಬ್ಬ. ಮರುವರ್ಷ ದೊರೆ ಓಡಿಹೋದ. 1689ರ ಚುನಾವಣೆಯಲ್ಲಿ ಕೇಂಬ್ರಿಜ್ ನ್ಯೂಟನ್‌ನನ್ನು ಆರಿಸಿತು, ಅವನಿಗೆ ಬಿದ್ದದ್ದು 122 ಮತ. ಸಭೆಯಲ್ಲಿ ಅವನು ಆಡಿದ ಒಂದೇ ಮಾತು "ಗಾಳಿ ಬರುತ್ತಿದೆ, ಕಿಟಕಿ ಮುಚ್ಚಿ" ಎಂಬ ಕಥೆಯನ್ನು ನಿಮ್ಮ ಸ್ನೇಹಿತರು ಹೇಳದೆ ಬಿಟ್ಟಿರಲಾರರು. ಕಥೆ ಸೊಗಸಾಗಿದೆ, ಆಧಾರ ಮಾತ್ರ ಇಲ್ಲ. ಆಧಾರವಿರುವುದು ಅವನ ಪತ್ರಗಳಿಗೆ. ಉಪಕುಲಪತಿ ಜಾನ್ ಕೋವೆಲ್‌ಗೆ ಲಂಡನ್ನಿನಿಂದ ಪತ್ರದ ಮೇಲೆ ಪತ್ರ ಬರೆದು, ಹೊಸ ದೊರೆಗೆ ನಿಷ್ಠೆಯ ಪ್ರಮಾಣ ಮಾಡುವುದು ಹೇಗೆ, ಹಿಂಜರಿಯುತ್ತಿರುವ ಅಧ್ಯಾಪಕರನ್ನು ಒಪ್ಪಿಸುವುದು ಹೇಗೆ ಎಂದು ವಿವರಿಸಿದ್ದಾನೆ. ಸಭೆಯಲ್ಲಿ ಮೌನವಾಗಿ ಕುಳಿತ ಆ ಸಂಸದ ಸಂಸ್ಥೆಯ ಏಜೆಂಟನಾಗಿ ಕೆಲಸವನ್ನು ಚೆನ್ನಾಗಿಯೇ ಮಾಡಿದ. 1701ರಲ್ಲಿ ಮತ್ತೆ ಗೆದ್ದ. 1705ರಲ್ಲಿ ನಿಂತು ಸೋತ. ಗುರುತ್ವಾಕರ್ಷಣೆಯ ನಿಯಮ ಕಂಡುಹಿಡಿದವನೆಂಬ ಕಾರಣಕ್ಕೆ ಮತದಾರರು ಅವನಿಗೆ ವಿನಾಯಿತಿ ಕೊಡಲಿಲ್ಲ.

ಆ 122 ಮತ ಹಾಕಿದವರು ಯಾರೆಂಬುದನ್ನೂ ನೋಡಬೇಕು. ಬಿ.ಎ. ಆದವರೆಲ್ಲ ಮತದಾರರಲ್ಲ. ಎಂ.ಎ. ಅಥವಾ ಡಾಕ್ಟರ್ ಪದವಿ ಬೇಕು, ಕಾಲೇಜಿನ ಪುಸ್ತಕದಲ್ಲಿ ಹೆಸರು ಉಳಿಸಿಕೊಳ್ಳಲು ಹಣ ಕಟ್ಟುತ್ತಿರಬೇಕು, ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದವನಾಗಿರಬೇಕು. ಫಲವಾಗಿ ಮತದಾರರಲ್ಲಿ ಹಳ್ಳಿ ಹಳ್ಳಿಯ ಪಾದ್ರಿಗಳೇ ತುಂಬಿಕೊಂಡರು. ಮತ ಹಾಕಲು ಅವರು ಖುದ್ದಾಗಿ ಆಕ್ಸ್‌ಫರ್ಡ್‌ಗೋ ಕೇಂಬ್ರಿಜ್‌ಗೋ ಪ್ರಯಾಣ ಮಾಡಬೇಕಿತ್ತು. ಅಭ್ಯರ್ಥಿ ತಾನೇ ಬಂದು ಮತ ಕೇಳುವುದು ಅಸಭ್ಯತನವೆಂಬ ರೂಢಿಯಿತ್ತು. ಕೈಮುಗಿದು ಮನೆಮನೆ ಸುತ್ತುವ ಗೋಳಿಲ್ಲದ ಚುನಾವಣೆ. ಬಹಳ ಸಲ ಎದುರಾಳಿಯೂ ಇರುತ್ತಿರಲಿಲ್ಲ.

ಇಷ್ಟು ಸುಖದ ಸ್ಥಾನ ದೊಡ್ಡ ರಾಜಕಾರಣಿಗಳಿಗೆ ಪ್ರಿಯವಾದದ್ದು ಸಹಜ. ಆದರೆ ಪಾದ್ರಿಗಳ ಮನಸ್ಸಿಗೆ ವಿರುದ್ಧ ಹೋದವನಿಗೆ ಅಲ್ಲಿ ಉಳಿಗಾಲವಿರಲಿಲ್ಲ. ರಾಬರ್ಟ್ ಪೀಲ್ 1817ರಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಸದ. ಕ್ಯಾಥೊಲಿಕರಿಗೆ ಹಕ್ಕು ಕೊಡಬಾರದೆಂಬ ಪಕ್ಷದಲ್ಲಿ ಗಟ್ಟಿಯಾಗಿ ನಿಂತವನು. 1829ರಲ್ಲಿ ಗೃಹಮಂತ್ರಿಯಾಗಿದ್ದಾಗ, ಕೊಡದೆ ಬೇರೆ ದಾರಿಯಿಲ್ಲವೆಂದು ಮನಗಂಡು ನಿಲುವು ಬದಲಿಸಿದ. ಬದಲಿಸಿದವನು ರಾಜೀನಾಮೆ ಕೊಟ್ಟು ಮತ್ತೆ ಅದೇ ಮತದಾರರ ಮುಂದೆ ಹೋದ. ಇಂದಿನ ನಮ್ಮ ರಾಜಕಾರಣಿಗಳಲ್ಲಿ ಈ ಸಂಕೋಚವನ್ನು ಹುಡುಕಿ ನೋಡಿ. ಅವನ ಎದುರಿಗೆ ನಿಂತ ರಾಬರ್ಟ್ ಇಂಗ್ಲಿಸ್‌ಗೆ 755 ಮತ ಬಂದರೆ ಪೀಲ್‌ಗೆ ಬಂದದ್ದು 609. ಅವನು ಓದಿದ ಕ್ರೈಸ್ಟ್ ಚರ್ಚ್ ಕಾಲೇಜಿನ ಬಾಗಿಲೊಂದರಲ್ಲಿ "ಪೀಲ್ ಬೇಡ" ಎಂದು ಮೊಳೆಗಳಿಂದ ಕೊರೆದ ಅಕ್ಷರಗಳು ಇಂದಿಗೂ ಉಳಿದಿವೆ. ಎರಡು ವರ್ಷದ ನಂತರ ಕೇಂಬ್ರಿಜ್‌ನಲ್ಲಿ ವಿದೇಶಾಂಗ ಮಂತ್ರಿ ಪಾಮರ್ಸ್ಟನ್‌ಗೂ ಇದೇ ಗತಿಯಾಯಿತು. ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆಯನ್ನು ಬೆಂಬಲಿಸಿದ್ದೇ ಅವನ ತಪ್ಪು.

ಗ್ಲ್ಯಾಡ್‌ಸ್ಟನ್‌ನದು ಇನ್ನೂ ವಿಚಿತ್ರ. 1847ರಿಂದ ಹದಿನೆಂಟು ವರ್ಷ ಆಕ್ಸ್‌ಫರ್ಡ್‌ನ ಸಂಸದ. 1861ರಲ್ಲಿ ವಿಶ್ವವಿದ್ಯಾಲಯದ ಮತದಾರರು ಅಂಚೆಯ ಮೂಲಕ ಮತ ಹಾಕಬಹುದೆಂದು ಕಾನೂನಾಯಿತು. ಆಕ್ಸ್‌ಫರ್ಡ್‌ನಲ್ಲೇ ಇದ್ದ ಅಧ್ಯಾಪಕರಲ್ಲಿ ಗ್ಲ್ಯಾಡ್‌ಸ್ಟನ್‌ಗೆ ಒಳ್ಳೆಯ ಬೆಂಬಲವಿತ್ತು. ಪ್ರಯಾಣದ ಖರ್ಚಿಗೆ ಹೆದರಿ ಮನೆಯಲ್ಲೇ ಕೂರುತ್ತಿದ್ದ ಹಳ್ಳಿಯ ಪಾದ್ರಿಗಳು ಈಗ ಲಕೋಟೆಯಲ್ಲಿ ಬಂದರು, 1865ರಲ್ಲಿ ಅವನನ್ನು ಸೋಲಿಸಿದರು. ಅವನು ನೇರವಾಗಿ ಲ್ಯಾಂಕಾಶೈರಿಗೆ ಹೋಗಿ, ಬಾಯಿಕುಕ್ಕೆ ಕಳಚಿದವನಾಗಿ ನಿಮ್ಮೆದುರು ಬಂದಿದ್ದೇನೆ ಎಂಬರ್ಥದ ಮಾತನ್ನು ಮ್ಯಾಂಚೆಸ್ಟರಿನ ಜನರ ಮುಂದೆ ಆಡಿ, ಅಲ್ಲಿಂದ ಗೆದ್ದ. ಮೂರು ವರ್ಷದಲ್ಲಿ ಪ್ರಧಾನಿಯಾದ.

"ಓದಿದವರ ವಿವೇಕ" ಎಂಬ ವಾದ ಜೋರಾಗಿ ಕೇಳಿಬಂದದ್ದು ಇದರ ಬೆನ್ನಿಗೇ, ಅಂದರೆ ಕಾರ್ಮಿಕರಿಗೆ ಮತ ಬರುವ ಹೊತ್ತಿಗೆ. 1867ರ ಸುಧಾರಣಾ ಮಸೂದೆಯ ಮೊದಲ ಕರಡಿನಲ್ಲಿ ಅಂದಿನ ಹಣಕಾಸು ಮಂತ್ರಿ ಡಿಸ್ರೇಲಿ, ಪದವೀಧರರು ಮುಂತಾದವರಿಗೆ ವಿಶೇಷ ಮತದ ಏರ್ಪಾಡು ಮಾಡಲು ಹೋಗಿದ್ದ. ಅದು ಬಿದ್ದುಹೋಯಿತು. ಆದರೆ 1868ರ ಚುನಾವಣೆಯಿಂದ ಲಂಡನ್ ವಿಶ್ವವಿದ್ಯಾಲಯಕ್ಕೆ ಒಂದು, ಸ್ಕಾಟ್ಲೆಂಡಿನ ನಾಲ್ಕು ಹಳೆಯ ವಿಶ್ವವಿದ್ಯಾಲಯಗಳಿಗೆ ಸೇರಿ ಎರಡು ಹೊಸ ಸ್ಥಾನಗಳು ಹುಟ್ಟಿಕೊಂಡವು. ಲಂಡನ್ ವಿಶ್ವವಿದ್ಯಾಲಯದ ಮೊದಲ ಸಂಸದ ರಾಬರ್ಟ್ ಲೋ, ಕಾರ್ಮಿಕರಿಗೆ ಮತ ಕೊಡುವುದನ್ನು ಉಗ್ರವಾಗಿ ವಿರೋಧಿಸಿದವನು. ಮತ ಕೊಟ್ಟಾದ ಮೇಲೆ, ಮುಂದಿನ ಒಡೆಯರಿಗೆ ಅಕ್ಷರವನ್ನಾದರೂ ಕಲಿಸೋಣ ಎಂದವನೂ ಅವನೇ. ಮೊದಲು ಸಂಸ್ಥೆಯ ಆಸ್ತಿ ಕಾಯಲು ಕೊಟ್ಟ ಸ್ಥಾನ ಈಗ ಜನಸಾಮಾನ್ಯರ ಮತಕ್ಕೆ ಎದುರು ತೂಕದ ಕಲ್ಲಾಯಿತು. ಹೆಸರು ಅದೇ ಇದ್ದರೂ ವಸ್ತು ಬದಲಾಗಿತ್ತು. ನಿಮ್ಮ ತಂದೆಗೆ ಎದುರಾಗಿ ನಿಮ್ಮನ್ನು ನಿಲ್ಲಿಸಿದ್ದು ಈ ಎರಡನೆಯ ವಾದ.

1918ರಲ್ಲಿ ಬಾಗಿಲು ಅಗಲವಾಯಿತು. ಪದವಿ ಪಡೆದವರೆಲ್ಲ ಮತದಾರರಾದರು. ಮೂವತ್ತು ತುಂಬಿದ ಹೆಂಗಸರೂ ಸೇರಿದರು. ಕೇಂಬ್ರಿಜ್ ಹೆಂಗಸರಿಗೆ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ. ಆದರೂ ಪರೀಕ್ಷೆ ಪಾಸು ಮಾಡಿದ್ದ ಹೆಂಗಸರು ಮೂವತ್ತು ವರ್ಷ ಮೊದಲೇ ಆ ವಿಶ್ವವಿದ್ಯಾಲಯದ ಸಂಸದನನ್ನು ಆರಿಸುತ್ತಿದ್ದರು. ಪದವಿಯಿಲ್ಲದ ಪದವೀಧರ ಮತದಾರರು! ಮ್ಯಾಂಚೆಸ್ಟರ್, ಲಿವರ್‌ಪೂಲ್, ಲೀಡ್ಸ್ ಮೊದಲಾದ ಹೊಸ ವಿಶ್ವವಿದ್ಯಾಲಯಗಳನ್ನು ಒಟ್ಟುಗೂಡಿಸಿ ಸಂಯುಕ್ತ ಇಂಗ್ಲಿಷ್ ವಿಶ್ವವಿದ್ಯಾಲಯಗಳ ಕ್ಷೇತ್ರ ಮಾಡಿದರು. ಒಂದಕ್ಕಿಂತ ಹೆಚ್ಚು ಸ್ಥಾನವಿರುವ ಕಡೆ ಪ್ರಾಶಸ್ತ್ಯ ಮತದ ಪದ್ಧತಿ ತಂದರು. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆಯುವ, ನಮ್ಮ ಪರಿಷತ್ ಚುನಾವಣೆಯಲ್ಲಿ ನೀವು ನೋಡುವ ಅದೇ ಪದ್ಧತಿ.

ಈ ಪದ್ಧತಿಯಿಂದ ಕೆಲವು ಒಳ್ಳೆಯವರು ಒಳಗೆ ಬಂದರು ಎಂಬುದನ್ನು ಮುಚ್ಚಿಡಬಾರದು. ಹಾಸ್ಯಲೇಖಕ ಎ.ಪಿ. ಹರ್ಬರ್ಟ್ 1935ರಲ್ಲಿ ಆಕ್ಸ್‌ಫರ್ಡ್‌ನಿಂದ ಪಕ್ಷೇತರನಾಗಿ ನಿಂತ. ಎರಡು ಸ್ಥಾನಗಳಲ್ಲಿ ಒಂದನ್ನು ವರ್ಗಾವಣೆಯಾದ ಪ್ರಾಶಸ್ತ್ಯ ಮತಗಳಿಂದ ಗೆದ್ದ. ಕನ್ಸರ್ವೇಟಿವ್ ಪಕ್ಷದ ಎರಡನೇ ಅಭ್ಯರ್ಥಿ ಠೇವಣಿ ಕಳೆದುಕೊಂಡ. ವ್ಯಭಿಚಾರ ಸಾಬೀತಾಗದೆ ವಿಚ್ಛೇದನವಿಲ್ಲ ಎಂದಿದ್ದ ಕಾನೂನನ್ನು ಹರ್ಬರ್ಟ್ ಬೆನ್ನು ಹತ್ತಿ, ಕ್ರೌರ್ಯ, ತೊರೆದುಹೋಗುವುದು, ವಾಸಿಯಾಗದ ಹುಚ್ಚು ಇವನ್ನೂ ಕಾರಣವಾಗಿ ಸೇರಿಸುವ 1937ರ ಕಾಯ್ದೆಯನ್ನು ಖಾಸಗಿ ಸದಸ್ಯನಾಗಿಯೇ ತಂದ. ಪಾದ್ರಿಗಳ ಹಿಡಿತದಲ್ಲಿದ್ದ ಅದೇ ಕ್ಷೇತ್ರದಿಂದ ಇದು ಬಂತೆಂಬುದನ್ನು ಗಮನಿಸಿ. 1940ರಿಂದ 1945ರವರೆಗೆ ಕೇಂಬ್ರಿಜ್‌ನ ಸಂಸದನಾಗಿದ್ದ ಎ.ವಿ. ಹಿಲ್ ನೊಬೆಲ್ ಪಡೆದ ಶರೀರಶಾಸ್ತ್ರಜ್ಞ. 1943ರ ಕೊನೆಯಲ್ಲಿ ಭಾರತಕ್ಕೆ ಬಂದು ಕೆಲವು ತಿಂಗಳು ಸುತ್ತಿ, ಇಲ್ಲಿನ ವೈಜ್ಞಾನಿಕ ಸಂಶೋಧನೆ ಹೇಗಿರಬೇಕೆಂದು ವರದಿ ಬರೆದ.

ಎಲಿನಾರ್ ರಾಥ್‌ಬೋನ್ 1929ರಿಂದ 1946ರಲ್ಲಿ ಸಾಯುವವರೆಗೂ ಸಂಯುಕ್ತ ಇಂಗ್ಲಿಷ್ ವಿಶ್ವವಿದ್ಯಾಲಯಗಳ ಪಕ್ಷೇತರ ಸಂಸದೆ. ಮಕ್ಕಳಿರುವ ಕುಟುಂಬಕ್ಕೆ ಸರ್ಕಾರ ಭತ್ಯೆ ಕೊಡಬೇಕೆಂದು ದಶಕಗಳ ಕಾಲ ಹಟ ಹಿಡಿದು, 1945ರಲ್ಲಿ ಅದು ಕಾನೂನಾದುದನ್ನು ಕಣ್ಣಾರೆ ಕಂಡವರು. ಭಾರತದ ಬಾಲ್ಯವಿವಾಹದ ವಿರುದ್ಧವೂ ಹೋರಾಡಿದರು, ಇಲ್ಲಿನ ಮಹಿಳಾ ನಾಯಕಿಯರೊಂದಿಗೆ ಜಗಳವನ್ನೂ ಕಟ್ಟಿಕೊಂಡರು. 1941ರಲ್ಲಿ, ಯುದ್ಧದಲ್ಲಿ ಬ್ರಿಟನ್ನಿಗೆ ಬೆಂಬಲ ಕೊಡದ ಭಾರತೀಯರನ್ನು ಆಕ್ಷೇಪಿಸಿ ಬಹಿರಂಗ ಪತ್ರ ಬರೆದರು. ಅದಕ್ಕೆ ರವೀಂದ್ರನಾಥ ಟ್ಯಾಗೋರರು ಕಾಯಿಲೆಯ ಹಾಸಿಗೆಯಿಂದಲೇ ಕೊಟ್ಟ ಸಿಟ್ಟಿನ ಉತ್ತರ ಅವರ ಕೊನೆಯ ಸಾರ್ವಜನಿಕ ಹೇಳಿಕೆಗಳಲ್ಲಿ ಒಂದು. ಮತದಾರರೆಲ್ಲ ಪದವೀಧರರಾದ ಮಾತ್ರಕ್ಕೆ ಅವರ ಪ್ರತಿನಿಧಿಗೆ ದೂರದ ದೇಶವೊಂದರ ಮನಸ್ಸು ಅರ್ಥವಾಗುತ್ತದೆ ಎಂದೇನಿಲ್ಲ.

ಆದರೆ ಹೆಚ್ಚಿನ ಪಾಲು ಗೆದ್ದವರು ಕನ್ಸರ್ವೇಟಿವರು, ಇಲ್ಲವೆ ಅವರಿಗೆ ಹತ್ತಿರದವರು. ಲೇಬರ್ ಪಕ್ಷಕ್ಕೆ ಇದು ಕಣ್ಣಿಗೆ ಬಿದ್ದ ಕಸ. ಪದವೀಧರ ತನ್ನ ಮನೆಯ ಕ್ಷೇತ್ರದಲ್ಲಿ ಒಂದು ಮತ, ವಿಶ್ವವಿದ್ಯಾಲಯಕ್ಕೆ ಇನ್ನೊಂದು ಮತ ಹಾಕುತ್ತಿದ್ದ, ಗಣಿಯಲ್ಲಿ ದುಡಿಯುವವನಿಗೆ ಇದ್ದದ್ದು ಒಂದೇ. 1931ರಲ್ಲಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್‌ನ ಲೇಬರ್ ಸರ್ಕಾರ ಈ ಸ್ಥಾನಗಳನ್ನು ತೆಗೆಯಲು ಮಸೂದೆ ತಂದು ಕೆಲವೇ ಮತಗಳಿಂದ ಸೋತಿತು. ಮುಂದೆ ಮ್ಯಾಕ್‌ಡೊನಾಲ್ಡ್ ತನ್ನ ಪಕ್ಷವನ್ನೇ ಬಿಟ್ಟ, 1935ರಲ್ಲಿ ಸೀಹಮ್‌ನ ಗಣಿ ಕಾರ್ಮಿಕರಿಂದ ಸೋತ. 1936ರ ಜನವರಿಯಲ್ಲಿ ಸಂಯುಕ್ತ ಸ್ಕಾಟಿಷ್ ವಿಶ್ವವಿದ್ಯಾಲಯಗಳ ಉಪಚುನಾವಣೆಯಲ್ಲಿ ನಿಂತು ಪಾರ್ಲಿಮೆಂಟಿಗೆ ಮರಳಿದ. ಐದು ವರ್ಷದ ಹಿಂದೆ ತಾನೇ ಕೆಡವಲು ಹೊರಟಿದ್ದ ಛತ್ರದಲ್ಲಿ ಮಳೆಗೆ ಆಶ್ರಯ ಪಡೆದಂತಾಯಿತು. ವಿಶ್ವವಿದ್ಯಾಲಯದ ಮುಖವನ್ನೇ ವಿದ್ಯಾರ್ಥಿಯಾಗಿ ಕಾಣದಷ್ಟು ಬಡತನದಲ್ಲಿ ಬೆಳೆದವನು ಎಂಬುದು ಇನ್ನೊಂದು ಮಾತು.

ಕೊನೆಗೆ ಉಳಿದಿದ್ದ ಹನ್ನೆರಡು ಸ್ಥಾನಗಳನ್ನು ಆಟ್ಲಿಯ ಲೇಬರ್ ಸರ್ಕಾರ ತೆಗೆದುಹಾಕಿತು. 1944ರ ಸರ್ವಪಕ್ಷ ಸಮ್ಮೇಳನದಲ್ಲಿ ಇವನ್ನು ಉಳಿಸಲು ಒಪ್ಪಿಕೊಂಡಿದ್ದೀರಿ, ಈಗ ಮಾತು ಮುರಿದಿರಿ ಎಂದು ಚರ್ಚಿಲ್ ಕಿಡಿಕಾರಿದ. ಮತ್ತೆ ತರುತ್ತೇವೆಂದು ಅವನ ಪಕ್ಷ ಹೇಳಿತು. 1951ರಲ್ಲಿ ಅಧಿಕಾರ ಬಂತು, ಸ್ಥಾನಗಳು ಬರಲಿಲ್ಲ.

ಐರ್ಲೆಂಡ್ ಮಾತ್ರ ಬಿಡಲಿಲ್ಲ. 1921ರ ಜೂನ್‌ನಲ್ಲಿ ಬ್ರಿಟಿಷರು ರಚಿಸಿದ ದಕ್ಷಿಣ ಐರ್ಲೆಂಡಿನ ಪಾರ್ಲಿಮೆಂಟು ಸೇರಿದಾಗ ಕೆಳಮನೆಯ 128 ಸದಸ್ಯರಲ್ಲಿ 124 ಮಂದಿ ಬ್ರಿಟಿಷ್ ಆಳ್ವಿಕೆಯನ್ನೇ ಒಪ್ಪದ ಶಿನ್ ಫೇನ್ ಪಕ್ಷದವರು, ಅವರಲ್ಲಿ ಯಾರೂ ಬರಲಿಲ್ಲ. ಬಂದು ಕುಳಿತವರು ಡಬ್ಲಿನ್ ವಿಶ್ವವಿದ್ಯಾಲಯದ, ಅಂದರೆ ಟ್ರಿನಿಟಿಯ, ನಾಲ್ವರು ಮಾತ್ರ. ಸ್ವತಂತ್ರ ಐರ್ಲೆಂಡ್ 1936ರಲ್ಲಿ ಕೆಳಮನೆಯಿಂದ ಈ ಸ್ಥಾನಗಳನ್ನು ತೆಗೆದು, 1937ರ ಸಂವಿಧಾನದಲ್ಲಿ ಮೇಲ್ಮನೆಗೆ ಸಾಗಿಸಿತು. ಟ್ರಿನಿಟಿಗೆ ಮೂರು, ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ ಮೂರು. ಮುಂದೆ ರಾಷ್ಟ್ರಾಧ್ಯಕ್ಷೆಯಾದ ಮೇರಿ ರಾಬಿನ್‌ಸನ್ 1969ರಿಂದ ಇಪ್ಪತ್ತು ವರ್ಷ ಟ್ರಿನಿಟಿಯ ಸೆನೆಟರ್ ಆಗಿದ್ದರು. ಉಳಿದ ವಿಶ್ವವಿದ್ಯಾಲಯಗಳಿಗೂ ಮತ ವಿಸ್ತರಿಸಬಹುದೆಂದು 1979ರಲ್ಲೇ ಜನಮತಗಣನೆ ಮಾಡಿ ಸಂವಿಧಾನ ತಿದ್ದಿದರು, ಆಮೇಲೆ ನಾಲ್ಕು ದಶಕ ಸುಮ್ಮನೆ ಕುಳಿತರು. ಮತವಿಲ್ಲದ ಲಿಮರಿಕ್ ವಿಶ್ವವಿದ್ಯಾಲಯದ ಪದವೀಧರರೊಬ್ಬರು ಕೋರ್ಟಿಗೆ ಹೋಗಿ, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೇಲೆಯೇ, ಆರೂ ಸ್ಥಾನಗಳನ್ನು ಒಂದೇ ಉನ್ನತ ಶಿಕ್ಷಣ ಕ್ಷೇತ್ರವಾಗಿ ಮಾಡುವ ಕಾನೂನು 2024ರಲ್ಲಿ ಬಂತು.

ಇನ್ನು ನಮ್ಮ ಮನೆಗೆ ಬರೋಣ. 1892ರ ಕೌನ್ಸಿಲ್ ಕಾಯ್ದೆಯ ನಿಯಮಗಳ ಪ್ರಕಾರ ಕಲಕತ್ತ, ಮುಂಬಯಿ, ಮದ್ರಾಸು ವಿಶ್ವವಿದ್ಯಾಲಯಗಳ ಸೆನೆಟ್‌ಗಳು ಪ್ರಾಂತೀಯ ಶಾಸನಸಭೆಗೆ ಹೆಸರು ಸೂಚಿಸಬಹುದಿತ್ತು. "ಚುನಾವಣೆ" ಎಂಬ ಪದವನ್ನು ಬಾಯಿಗೆ ತಾರದೆ ಚುನಾವಣೆ ಮಾಡುವ ಬ್ರಿಟಿಷ್ ಜಾಣ್ಮೆ ಅದು. 1919ರ ಸುಧಾರಣೆಯಲ್ಲಿ ಪದವೀಧರರಿಗೂ ಮತ ಬಂತು, ಪದವಿಗೆ ಏಳು ವರ್ಷ ತುಂಬಿರಬೇಕು. ಶ್ಯಾಮಪ್ರಸಾದ್ ಮುಖರ್ಜಿಯವರು 1929ರಲ್ಲಿ ಬಂಗಾಳದ ಶಾಸನ ಪರಿಷತ್ತಿಗೆ ಮೊದಲು ಬಂದದ್ದು ಕಲಕತ್ತ ವಿಶ್ವವಿದ್ಯಾಲಯದ ಸ್ಥಾನದಿಂದ. ಅಲ್ಲಿಯವರೆಗೂ ಇವು ಒಂದೊಂದು ವಿಶ್ವವಿದ್ಯಾಲಯದ ಸ್ಥಾನಗಳೇ.

ಸಂವಿಧಾನದ 171ನೇ ವಿಧಿ ಇಲ್ಲಿ ಕತ್ತರಿ ಹಾಕಿತು. ಪರಿಷತ್ತಿನ ಹನ್ನೆರಡರಲ್ಲಿ ಒಂದು ಪಾಲನ್ನು ಪದವೀಧರರು ಆರಿಸಬೇಕು, ಪದವಿಗೆ ಮೂರು ವರ್ಷವಾಗಿರಬೇಕು, ಅದು ಭಾರತದ ಯಾವ ವಿಶ್ವವಿದ್ಯಾಲಯದ್ದಾದರೂ ಸರಿ. ನಮ್ಮ 75 ಸದಸ್ಯರ ಪರಿಷತ್ತಿನಲ್ಲಿ ಅಂಥ ಸ್ಥಾನ ಏಳು. ನಿಮ್ಮದು ಪಶ್ಚಿಮ ಪದವೀಧರ ಕ್ಷೇತ್ರ. ಧಾರವಾಡದಲ್ಲಿ ಓದಿದವರು, ದೆಹಲಿಯಲ್ಲಿ ಓದಿ ಶಿರಸಿಗೆ ಬಂದು ನೆಲೆಸಿದವರು ಒಂದೇ ಪಟ್ಟಿಯಲ್ಲಿ ಇರುತ್ತೀರಿ. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಈ ಪ್ರತಿನಿಧಿಯೊಂದಿಗೆ ಯಾವ ಸಂಬಂಧವೂ ಇಲ್ಲ. ಕೋಕ್ ಕೇಳಿದ್ದ ಸಂಸ್ಥೆಯ ವಕೀಲ ಮಾಯವಾಗಿ, ಲೋ ಕಾಲದ "ಓದಿದವರ ವಿವೇಕ" ಮಾತ್ರ ನಮ್ಮ ಪಾಲಿಗೆ ಉಳಿಯಿತು. 1951ರ ಜನಗಣತಿಯಲ್ಲಿ ನೂರಕ್ಕೆ ಹದಿನೆಂಟು ಮಂದಿಗೆ ಮಾತ್ರ ಅಕ್ಷರ ಬರುತ್ತಿದ್ದ ದೇಶದಲ್ಲಿ ಆ ವಾದಕ್ಕೆ ಒಂದಿಷ್ಟು ಅರ್ಥವಿತ್ತೆಂದು ಬೇಕಾದರೆ ಒಪ್ಪುತ್ತೇನೆ. ಊರಿಗೊಂದು ಪದವಿ ಕಾಲೇಜು ಬಂದ ಮೇಲೆ ಅದಕ್ಕೆ ಬೇರೆ ಸಮರ್ಥನೆ ನನಗಂತೂ ಕಾಣುವುದಿಲ್ಲ. ಸಂಸ್ಥೆಯ ಸ್ಥಾನವಾಗಿದ್ದರೆ, ವಿಶ್ವವಿದ್ಯಾಲಯದ ಅನುದಾನ ಕಡಿತವಾದಾಗ, ಬೋಧಕರ ಹುದ್ದೆ ಖಾಲಿ ಬಿದ್ದಾಗ ಎದ್ದುನಿಂತು ಕೇಳಬೇಕಾದವನು ಇವನೇ ಎಂದು ಬೆರಳು ತೋರಿಸಬಹುದಿತ್ತು.

ಹಾಗಾದರೆ ಅರ್ಜಿ ತುಂಬಬೇಕೆ? ತುಂಬಿ. ನೀವು ಬಿಟ್ಟುಕೊಟ್ಟ ಮತ ನಿಮ್ಮ ತಂದೆಗೆ ಹೋಗುವುದಿಲ್ಲ. ನಮೂನೆ 18ರಲ್ಲಿ ಅರ್ಜಿ, ಪದವಿ ಪತ್ರದ ದೃಢೀಕೃತ ಪ್ರತಿ ಬೇಕು, ಅರ್ಹತೆಗೆ ನವೆಂಬರ್ 1 ಲೆಕ್ಕದ ದಿನ. ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿ ಮಾಡುವುದರಿಂದ ಹಿಂದಿನ ಸಲ ಹೆಸರಿತ್ತೆಂದು ಸುಮ್ಮನಿರುವಂತಿಲ್ಲ.

ನಿಮ್ಮ ತಂದೆಗೂ ಒಂದು ವಿಷಯ ತಿಳಿಸಿ. ಮದ್ರಾಸಿನ ಪದವೀಧರ ಕ್ಷೇತ್ರದಲ್ಲಿ ಪದವಿಯಿಲ್ಲದವರೊಬ್ಬರು ಗೆದ್ದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮತದಾರ ಪದವೀಧರನಾಗಿರಬೇಕೆಂದು ಸಂವಿಧಾನ ಹೇಳಿದೆಯೇ ಹೊರತು ಅಭ್ಯರ್ಥಿಯೂ ಆಗಿರಬೇಕೆಂದು ಹೇಳಿಲ್ಲ ಎಂದು 1972ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಅಂದರೆ ಏಳನೇ ತರಗತಿಯ ನಿಮ್ಮ ತಂದೆ ಪಶ್ಚಿಮ ಪದವೀಧರ ಕ್ಷೇತ್ರದಿಂದ ನಿಲ್ಲಬಹುದು, ಗೆದ್ದು ಪರಿಷತ್ತಿನಲ್ಲಿ ಕೂರಬಹುದು. ತಮಗೆ ತಾವೇ ಮತ ಹಾಕಿಕೊಳ್ಳುವಂತಿಲ್ಲ, ಅಷ್ಟೆ. ಆ ಮತವನ್ನು ನೀವು ಹಾಕಬೇಕು. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಿಂದಲೇ ಅವರ ಹೆಸರಿನ ಮುಂದೆ 1 ಎಂದು ಅಂಕಿಯಲ್ಲಿ ಬರೆಯಿರಿ. ರೈಟ್ ಗುರುತು ಹಾಕಿದರೆ, ಸಹಿ ಮಾಡಿದರೆ, ಒಂದು ಎಂದು ಅಕ್ಷರದಲ್ಲಿ ಬರೆದರೆ ಮತ ತಿರಸ್ಕೃತ. ಪದವೀಧರರ ಎಣಿಕೆಯಲ್ಲಿ ಅಂಥ ಮತಗಳು ಸಾವಿರದ ಲೆಕ್ಕದಲ್ಲಿ ಸಿಗುತ್ತವೆ.